ತಂಬೂರಿಯ ದಾರ

ಫೆಬ್ರವರಿ 6, 1994

ತಂಬೂರಿ ಸತ್ತಿದೆ. ಶಶಿಕಲಾ ಮೀಟುತ್ತಾಳೆ, ತಂತಿಗಳು ನಡುಗುವುದು ಕಣ್ಣಿಗೆ ಕಾಣುತ್ತದೆ. ಹೊರಗೆ ಬರುವುದು ಮಾತ್ರ ಮಡಕೆಯೊಳಗೆ ಯಾರೋ ಗೊಣಗಿದಂಥ ಸದ್ದು. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ ಮೇಲೆ, ತಂತಿಯ ಅಡಿಗೆ ಸಿಕ್ಕಿಸುವ ಒಂದು ಎಳೆ ದಾರವಿದೆ. ಜೀವಾಳ ಅನ್ನುತ್ತಾರೆ. ಅದು ಸರಿಯಾದ ಜಾಗದಲ್ಲಿ ಕೂತರೆ ತಂತಿಯಿಂದ ಜೇನು ಎದ್ದ ಹಾಗೆ ಝೇಂಕಾರ ಏಳಬೇಕು. ವಾದ್ಯದಂಗಡಿಯವರು ಹೊಲಿಗೆ ದಾರ ಸಿಕ್ಕಿಸಿ ಕೈತೊಳೆದುಕೊಂಡಿದ್ದಾರೆ. ನೂಲಿನ ವಿಷಯ ಅವರಿಗೇನು ಗೊತ್ತು? ಎರಡು ಬೆರಳ ನಡುವೆ ಉಜ್ಜಿ ನೂಲಿನ ಜಾತಕ ಹೇಳುವ ನೇಕಾರರ ಮನೆ ಇದು. ನೂರನೇ ನಂಬರಿನ ನಯವಾದ ನೂಲಿನಿಂದ ನಾನೇ ಒಂದು ಎಳೆ ಕತ್ತರಿಸಿ ಹಾಕಿದೆ. ಪ್ರಯೋಜನವಾಗಲಿಲ್ಲ. ಗಿರಣಿಗಳು ಈಗ ಹತ್ತಿಯ ಕಸವನ್ನು ನೂಲೆಂದು ಮಾರುತ್ತಿವೆ.

"ಚೆನ್ನಾಗೇ ಐತಲ್ಲಪ್ಪಾ," ಅಂದಳು ಶಶಿ. ಹದಿನೇಳು ವರ್ಷ. ಆ ವಯಸ್ಸಿನವರಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಇದನ್ನು ಕನ್ನಡದಲ್ಲಿ ಬರೆಯುತ್ತೇನೆ. ಚಿಕ್ಕಂದಿನಲ್ಲಿ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ ಕಲಿತ ಅಕ್ಷರ. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಯಾರಿಗೂ ಬಾರದು. ಸೇಲಂನಲ್ಲಿ ಇದಕ್ಕಿಂತ ಭದ್ರವಾದ ಬೀಗ ಸಿಗುವುದಿಲ್ಲ.

ಫೆಬ್ರವರಿ 15

ಮಧ್ಯಾಹ್ನ ಕರೆಂಟ್ ಹೋಯಿತು. ಹಿಂದಿನ ಷೆಡ್ಡಿನ ನಾಲ್ಕು ಪವರ್‌ಲೂಮುಗಳೂ ಒಟ್ಟಿಗೆ ಬಾಯಿ ಮುಚ್ಚಿದವು. ಆಗ ತಿಳಿಯಿತು, ಮನೆಯ ತುಂಬ ಜೀರುಂಡೆ. ಹೆಂಚಿನ ಸಂದಿಯಲ್ಲೆಲ್ಲೋ ಕೂತು ಒಂದೇ ಸಮನೆ ಕೊರೆಯುತ್ತಿವೆ. ಸಾಂಬ್ರಾಣಿ ಹಾಕು ಎಂದು ಹೆಂಡತಿ ಮಂಜುಳಮ್ಮನಿಗೆ ಹೇಳಿದೆ.

"ಜೀರುಂಡೆ ಎಲ್ಲೈತೆ? ನಂಗೊಂದೂ ಕೇಳಿಸ್ತಿಲ್ಲ." ಆಮೇಲೆ ಹತ್ತಿರ ಬಂದು ಮುಖಕ್ಕೆ ಮುಖ ಕೊಟ್ಟು ಕೂಗಿದಳು. "ಮೂರು ವರ್ಸ ಆ ಲಡಲಡಾದೊಳ್ಗೆ ನಿಂತೂ ನಿಂತೂ ನಿಮ್ ಕಿವಿ ಓಗೈತೆ. ಡಾಕ್ಟರ್ಗೆ ತೋರ್ಸಿ ಅಂದ್ರೆ ಕೇಳಾಕಿಲ್ಲ."

ದೀಪಾವಳಿಯಿಂದ ಇದೇ ಮಾತು. ಪವರ್‌ಲೂಮ್ ಬಂದ ಮೇಲೆ ಇವಳು ಗೋಡೆಯ ಕಡೆ ತಿರುಗಿ ಮಾತಾಡುವುದನ್ನು ಕಲಿತಿದ್ದಾಳೆ. ಮಾತಿನ ಅಂಚುಗಳನ್ನೆಲ್ಲ ನುಂಗಿ ನಡುವಿನ ತಿರುಳನ್ನು ಮಾತ್ರ ಉಗುಳುತ್ತಾಳೆ. ದೋಷವಿದ್ದರೆ ಅವಳ ಬಾಯಲ್ಲಿ. ಕಾಂಭೋಜಿಗೂ ಎದುಕುಲ ಕಾಂಭೋಜಿಗೂ ಇರುವ ಕೂದಲೆಳೆಯನ್ನು ಸಂಗೀತ ಸಭೆಯ ಗೇಟಿನ ಹೊರಗೆ ನಿಂತೇ ಹೇಳಿದ ಕಿವಿ ಇದು.

ಸಾಂಬ್ರಾಣಿ ಹಾಕಿದಳು. ಜೀರುಂಡೆ ಜಗ್ಗಲಿಲ್ಲ.

ಫೆಬ್ರವರಿ 27

ಹಳೇ ಬಸ್ ಸ್ಟ್ಯಾಂಡಿನ ಬಳಿ ಹೊಸ ಕ್ಯಾಸೆಟ್ ಕೊಂಡೆ. ಮದರಾಸಿನವರೆಲ್ಲ ಕೊಂಡಾಡುವ ಗಾಯಕ. ಬಾಯಲ್ಲಿ ಹತ್ತಿ ತುರುಕಿಕೊಂಡು ಹಾಡುತ್ತಾನೆ. ಸಕಾರವಿಲ್ಲ, ತಕಾರವಿಲ್ಲ, ಬರೀ ಆ, ಈ, ಊ. ಪಿಟೀಲಿನವನು ಕಂಬಳಿ ಹೊದ್ದು ಮಲಗಿದ್ದಾನೆ. ಅಂಗಡಿಗೆ ವಾಪಸು ಒಯ್ದೆ. ಅಂಗಡಿಯವನು ಹಾಕಿ ಕೇಳಿಸಿದ, ನನ್ನ ಮುಖ ನೋಡಿದ, "ನಲ್ಲಾತ್ತಾನೇ ಸಾರ್ ಇರುಕ್ಕು?" ಅಂದ. ಇಡೀ ಊರು ಚೆನ್ನಾಗಿದೆ ಅನ್ನುವುದನ್ನು ಕಲಿತುಬಿಟ್ಟಿದೆ. ಕೇಳುವವರೇ ಇಲ್ಲದ ಕಾಲದಲ್ಲಿ ಹಾಡುವವರು ಯಾಕೆ ಬಾಯಿ ತೆರೆದಾರು?

ಹಳೆಯ ಕ್ಯಾಸೆಟ್ಟುಗಳನ್ನೂ ಹಾಕಿ ನೋಡಿದೆ. ಅವೂ ಹಾಳಾಗಿವೆ. ಸೆಖೆಗೆ ಟೇಪು ಸತ್ತುಹೋಗುತ್ತದಂತೆ.

ಮಾರ್ಚ್ 4

ಷೆಡ್ಡಿನ ಪಕ್ಕದ ಕೋಣೆಗೆ ಬಾಡಿಗೆಯವನು ಬಂದಿದ್ದಾನೆ. ಎಲ್ಲಪ್ಪ, ಪೆನ್ನಾಗರಂ ಕಡೆಯವನು. ಹಗಲು ನೂಲಿನ ಗೋಡೌನಿನಲ್ಲಿ ಮೂಟೆ ಹೊರುತ್ತಾನೆ, ಪೂಜೆಗಳಿಗೆ ಪಂಬೆ ಬಾರಿಸುತ್ತಾನೆ. ಒಂದಕ್ಕೊಂದು ಕಟ್ಟಿದ ಎರಡು ಚರ್ಮದ ಪೀಪಾಯಿ, ಅದು ಪಂಬೆ. ಸೊಂಟಕ್ಕೆ ಕಟ್ಟಿಕೊಂಡು ಬಡಿಯಬೇಕು, ಎದುರಿಗಿದ್ದವರ ಮೈಮೇಲೆ ದೇವರು ಬರಬೇಕು. ಇಂಥದ್ದನ್ನು ಸಂಗೀತವೆಂದು ಕರೆಯಲು ದೇವರಿಗೇ ಸಾಧ್ಯ.

"ಅಣ್ಣಾ, ಸಂದೆ ಒತ್ತು ವಸಿ ಕೈ ಆಡ್ಸಬೌದಾ?" ಎಂದು ಕೇಳಿದ. ಸಂಗೀತ ತಿಳಿದವರ ಮನೆ ಇದು ಅಂದೆ.

"ಔದಾ? ಅಂಗಾರೆ ಒಳ್ಳೇದಾಯ್ತು ಬುಡಿ," ಅಂದ. ಬೈದದ್ದು ಅರ್ಥವಾಗದವನಿಗೆ ಬೈದು ಫಲವಿಲ್ಲ.

ಮಾರ್ಚ್ 9

ಶಶಿಗೆ ಸಂಗೀತ ಪಾಠ ಹೇಳುವ ನಾಗರಾಜನ್ ವಾತ್ಯಾರ್ ಬಂದಿದ್ದರು. ಶ್ರೀರಾಮನವಮಿಗೆ ಚೌಡಮ್ಮನ ಗುಡಿಯ ಮಂಟಪದಲ್ಲಿ ಶಶಿಯ ಮೊದಲ ಕಚೇರಿ ಇಡೋಣವೆಂದರು. ಇಡೀ ನಮ್ಮ ಜನ ಬಂದು ಕೂರುವ ಜಾಗ. ಮೊದಲು ನನ್ನೆದುರು ಹಾಡಲಿ ಎಂದೆ.

ತೋಡಿ ಹಾಡಿದಳು. ಕಣ್ಣು ಮುಚ್ಚಿ ಕೇಳಿದೆ, ನಾನು ಯಾವತ್ತೂ ಹಾಗೆಯೇ ಕೇಳುವುದು. ಎರಡು ವರ್ಷದ ಹಿಂದೆ ಈ ಹುಡುಗಿಯ ಗಂಟಲಿನಲ್ಲಿ ಸೂಜಿಮೊನೆಯಿತ್ತು. ಈಗ ಒದ್ದೆ ಬಟ್ಟೆ. ಸಾಹಿತ್ಯದ ಒಂದು ಅಕ್ಷರ ತಿಳಿಯುವುದಿಲ್ಲ. ಗಮಕಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿವೆ. ಹೇಳಬೇಕಾದ್ದನ್ನು ಹೇಳಿದೆ: ಗಂಟಲು ಹೋಗಿದೆ, ಜನರ ಮುಂದೆ ಕೂರಿಸಿ ನಗೆಪಾಟಲು ಮಾಡುವುದು ಬೇಡ, ಪಾಠ ಇಲ್ಲಿಗೆ ಸಾಕು.

"ಅಪ್ಪಾ, ಮೂರು ವರ್ಸದಿಂದ ನಾನು ಇದಕ್ಕೇ..." ಅಂದಳು. ಮಿಕ್ಕದ್ದು ತಿಳಿಯಲಿಲ್ಲ. ಅಳುವಾಗ ಎಲ್ಲರೂ ಹಾಗೆಯೇ ಗೊಣಗುತ್ತಾರೆ.

ವಾತ್ಯಾರ್ ಎದ್ದು ನಿಂತರು. "ಕುರಲ್ ಇಪ್ಪತ್ತಾನ್ ತೆರಂದಿರುಕ್ಕು, ಅಯ್ಯಾ!" ಗಂಟಲು ಈಗಷ್ಟೇ ತೆರೆದಿದೆಯಂತೆ. ಪಾಠದ ಸಂಬಳ ನಿಂತುಹೋದೀತೆಂಬ ಭಯ ಎಂಥೆಂಥ ವಿಮರ್ಶೆ ಬರೆಸುತ್ತದೆ! ಮುದುಕ ಅವಸರದಲ್ಲಿ ಕೊಡೆ ಮರೆತು ಹೋದ.

ಮಾರ್ಚ್ 10

ಶಶಿ ಊಟ ಮಾಡಲಿಲ್ಲ. ಹಸಿವಾದರೆ ಮಾಡುತ್ತಾಳೆ.

ಮಾರ್ಚ್ 16

ಸೆಖೆ. ಸಂಜೆಯ ಪಾಳಿಯನ್ನು ಷೆಡ್ಡಿನ ಆಳು ಮುರುಗೇಶನ್ ಕೈಗೆ ಬಿಟ್ಟು ಪಡಸಾಲೆಯಲ್ಲಿ ಅಮ್ಮನ ಗುಂಡಿ ಮಗ್ಗದ ಮುಂದೆ ಕೂರುತ್ತಿದ್ದೇನೆ. ಕಾಲು ಗುಂಡಿಯೊಳಗೆ ಇಳಿಬಿಟ್ಟರೆ ನೆಲದ ತಂಪು ಮೊಣಕಾಲಿನವರೆಗೆ ಏರುತ್ತದೆ. ಮುಖ ಕಿಟಕಿಗೆ, ಬೆನ್ನು ಮನೆಗೆ. ಒಂದು ಪಂಚೆಯ ಹಾಸು ಅರ್ಧಕ್ಕೆ ನಿಂತಿತ್ತು, ಅದನ್ನು ಮುಗಿಸುತ್ತಿದ್ದೇನೆ. ಮಂಜುಳಮ್ಮ ತಾನಾಗಿಯೇ ದಿಂಬು ತಂದು ಹಾಕಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಆರು ಹೊಡೆಯುವುದೇ ತಡ, ಕಿಟಕಿಯಾಚೆ ಎಲ್ಲಪ್ಪನ ಪೀಪಾಯಿ ಶುರು. ಇವಳನ್ನು ಕೂಗಿ, ಅವನಿಗೆ ನಿಲ್ಲಿಸಲು ಹೇಳು ಅಂದೆ. "ಪಾಪ, ಬಾಡ್ಗೆ ಕೊಡ್ತಾನೆ, ಬಾರಿಸ್ಲಿ ಬುಡಿ," ಅಂದಳು, ಎಂದೂ ಇಲ್ಲದಷ್ಟು ಸ್ಪಷ್ಟವಾಗಿ. ಬೇಕಾದಾಗ ಬಾಯಿ ತೆರೆಯಲು ಬರುತ್ತದೆ.

ಮಾರ್ಚ್ 19

ಅದೇ ಪೀಪಾಯಿ. ಕಿವಿಗಿಂತ ಮೊದಲು ಮಗ್ಗದ ಗುಂಡಿಯೊಳಕ್ಕೆ ಬರುತ್ತದೆ. ಅಂಗಾಲಿಗೆ ಬಂದು ತಟ್ಟುತ್ತದೆ. ಅಸಭ್ಯ.

ಮಾರ್ಚ್ 24

ಪಂಬೆಯ ಎಡದ ಮುಖ ಕೋಲಿಗೆ, ಬಲದ ಮುಖ ಕೈಗೆ. ಎಡದ್ದು ಹೇಳಿದ್ದನ್ನು ಬಲದ್ದು ಒಪ್ಪುವುದಿಲ್ಲ. ಸುಮಾರು ಹೊತ್ತು ಜಗಳವಾಡುತ್ತವೆ, ಆಮೇಲೆ ಯಾವುದೋ ಒಂದು ಏಟಿನಲ್ಲಿ ಎರಡೂ ಒಟ್ಟಿಗೆ ಬಿದ್ದು, ಇಷ್ಟು ಹೊತ್ತೂ ಜಗಳವೇ ಇರಲಿಲ್ಲವೇನೋ ಅನ್ನಿಸುತ್ತದೆ. ಒರಟರ ಯುಕ್ತಿ. ನೇಯುವಾಗ ಮೆಟ್ಟುಹಲಗೆ ಎರಡು ಸಲ, ಲಾಳಿ ಒಂದು ಸಲ, ಬಡಿತ ಒಂದು ಸಲ. ಆ ಲೆಕ್ಕದೊಳಗೆ ಇದು ಹೇಗೋ ನುಗ್ಗಿಬಿಡುತ್ತದೆ, ಕಾಲು ತಪ್ಪುತ್ತದೆ. ತಪ್ಪದಿರಲೆಂದು ಅದರ ಜೊತೆಗೇ ತುಳಿದೆ. ಕೆಲಸ ಕೆಡಬಾರದಲ್ಲ.

ಮಂಜುಳಮ್ಮ ಅವನಿಗೆ ತಟ್ಟೆಯಲ್ಲಿ ಮುದ್ದೆ, ಸಾರು ಕಳಿಸುತ್ತಿದ್ದಾಳೆ. ಯಾಕೆ ಅಂದರೆ, "ಒಂಟಿ ಮನ್ಸ." ಒಲೆಯ ಬಳಿ ಕಾಫಿಯ ಲೋಟ ಒಂದು ಹೆಚ್ಚಿಗೆ ಇತ್ತು. ಅವನಿಗೆ ಕಾಫಿಯನ್ನೂ ಕೊಡುತ್ತಾಳೆಂದು ಕಾಣುತ್ತದೆ.

ವಾತ್ಯಾರ್ ಇನ್ನೂ ಕೊಡೆ ಒಯ್ದಿಲ್ಲ. ನಿನ್ನೆ ಬಾಗಿಲ ಹಿಂದೆ ಇತ್ತು, ಇವತ್ತು ಪೂಜೆಮೂಲೆಯಲ್ಲಿ. ಈ ಮನೆಯಲ್ಲಿ ಯಾವ ವಸ್ತುವೂ ಇಟ್ಟ ಕಡೆ ಇರುವುದಿಲ್ಲ.

ಶಶಿ ಮೊದಲಿನಂತೆ ಉಣ್ಣುತ್ತಾಳೆ, ನಗುತ್ತಾಳೆ. ಎರಡು ವಾರ ಸಾಕಾಯಿತು ಮರೆಯಲು. ಸಂಗೀತ ಇವಳಿಗೆ ಅಷ್ಟೇ ಆಗಿತ್ತು. ನನ್ನ ತೀರ್ಮಾನ ಸರಿಯಾಗಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಏಪ್ರಿಲ್ 3

ಪೆನ್ನಾಗರಂಗೆ ಹೋಗಿದ್ದೆ. ಎಲ್ಲಪ್ಪನ ತಂಗಿಯ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ನಾನ್ಯಾಕೆ ಹೋಗಬೇಕು? ಮಂಜುಳಮ್ಮ ಹಟ ಹಿಡಿದಳು. "ಮನೆ ಬಾಡ್ಗೆಯವ್ನು ಕರೆದ್ರೆ ಒಂದ್ಸರ್ತಿ ಓಗ್ಬೇಕು, ನಾಕ್ ಜನ ಏನಂತಾರೆ?" ಯಾವ ನಾಲ್ಕು ಜನ ಎಂದು ಕೇಳಿದೆ. ಅಂಗಿಗೆ ಇಸ್ತ್ರಿ ಮಾಡಿ ಆಗಿತ್ತು.

ಧರ್ಮಪುರಿ ದಾಟಿದ ಮೇಲೆ ಕೆಂಪು ಮಣ್ಣು, ಮುಳ್ಳು, ಆಡು. ಬಸ್ಸಿನಲ್ಲಿ ಸಿನಿಮಾ ಹಾಡು. ಅದೂ ಆ, ಈ, ಊ. ರೋಗ ಎಲ್ಲ ಕಡೆ ಹರಡಿದೆ. ಬಸ್ಸಿಳಿದು ನಾನೂ ಎಲ್ಲಪ್ಪನೂ ನಡೆದೆವು. ಹೊಲದಲ್ಲಿ ಹುಣಸೆಮರ, ಅದರ ಕೆಳಗೆ ಮೂರು ಕಲ್ಲಿನ ದೇವರು, ಸುತ್ತ ಹತ್ತಿಪ್ಪತ್ತು ಜನ. ಎಲ್ಲಪ್ಪನ ದೊಡ್ಡಪ್ಪನ ಮಗ ಮಾದಪ್ಪನೆಂಬ ಕುರಿಗಾಹಿ ಹಾಡಿದ. ನಮ್ಮ ಕನ್ನಡವೇ, ಆದರೆ ಒಣಗಿಸಿಟ್ಟ ಹಾಗಿನ ಕನ್ನಡ. ದನಿ ಹೊಟ್ಟೆಯ ಅಡಿಯಿಂದ ಬರುತ್ತದೆ. ನಾನು ಅವನ ಬಾಯಿಯನ್ನೇ ನೋಡುತ್ತ ಕೂತೆ, ಒಂದೊಂದು ಮಾತೂ ಕೈಗೆ ಸಿಕ್ಕಿತು. ಒಂದು ಸಾಲು ಹೇಳಿ ನಿಲ್ಲಿಸುತ್ತಾನೆ. ಆ ನಿಲುಗಡೆಯೊಳಕ್ಕೆ ಪಂಬೆ ಇಳಿಯುತ್ತದೆ. ರಾಗ ಯಾವುದೆಂದು ಹುಡುಕಿದೆ. ಎರಡೂವರೆ ಸ್ವರದಲ್ಲಿ ಯಾವ ರಾಗ ಇರಲು ಸಾಧ್ಯ? ಸ್ವಲ್ಪ ಹೊತ್ತು ಹುಡುಕಿದೆ, ಆಮೇಲೆ ಹುಡುಕುತ್ತಿದ್ದೇನೆಂಬುದು ಮರೆತುಹೋಯಿತು.

ಎಲ್ಲಪ್ಪನ ಅತ್ತೆ ಮುತ್ತಮ್ಮ ಎಂಬ ಮುದುಕಿ ಬೊಚ್ಚುಬಾಯಿಯಲ್ಲಿ ನಕ್ಕಳು. "ಯಾರ್ಲಾ ಎಲ್ಲಪ್ಪಾ, ಈ ಪ್ಯಾಟೆ ಅಯ್ಯ? ಕಲ್ಲು ದ್ಯಾವ್ರಂಗೆ ಕುಂತವ್ನೆ!"

ಕೂತೂ ಕೂತೂ ಕಾಲು ಜುಮ್ಮೆಂದಿತ್ತು. ಎದ್ದು ನಿಂತೆ. ಕೊಂಚ ಅತ್ತಿತ್ತ ಓಡಾಡಿದೆ. ಮತ್ತೇನೂ ವಿಶೇಷವಿಲ್ಲ.

ಊಟಕ್ಕೆ ಕುರಿ ಮಾಂಸ, ಖಾರ ಹೆಚ್ಚು. ಇಂಥ ಜನರ ನಡುವೆ ಒಂದು ದಿನ ಹಾಳಾಯಿತು. ಮನೆಗೆ ಬಂದಾಗ ಜೀರುಂಡೆಗಳು ಬಸ್ಸಿನ ಹಾರ್ನಿಗಿಂತ ಜೋರಾಗಿದ್ದವು.

ಏಪ್ರಿಲ್ 7

ಎಲ್ಲಪ್ಪನಿಗೆ ಜ್ವರವಂತೆ, ಎರಡು ದಿನ ಬಾರಿಸಲಿಲ್ಲ. ಕೆಲಸ ಸಾಗಲಿಲ್ಲ. ಕಷಾಯ ಕಳಿಸಲು ಹೇಳಿದೆ. ಬಾಡಿಗೆಯವರ ಆರೋಗ್ಯ ನೋಡಿಕೊಳ್ಳುವುದು ಮನೆಯವರ ಧರ್ಮ.

ಹೊಸ ಕ್ಯಾಸೆಟ್ಟನ್ನು ಮುರುಗೇಶನ್‌ಗೆ ಕೊಟ್ಟುಬಿಟ್ಟೆ. ತಂಬೂರಿಗೆ ರೇಷ್ಮೆ ಎಳೆ ಹಾಕಿ ನೋಡಿದೆ. ಅದೂ ಸತ್ತಿತು.

ಏಪ್ರಿಲ್ 11

ಲಾಳಿ ಹಾರಿತು. ಹಾಗೆ ಹಾರುವುದಿಲ್ಲ, ಕೈ ಸರಿಯಿರಲಿಲ್ಲ. ಬೆನ್ನ ಹಿಂದೆ ಹೋಗಿ ಬಿದ್ದಿತು. ತೆಗೆದುಕೊಳ್ಳಲು ತಿರುಗಿದೆ.

ನಡುಮನೆಯ ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ನಾಗರಾಜನ್ ವಾತ್ಯಾರ್, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎದುರಿಗೆ ಶಶಿ, ತಂಬೂರಿ, ಮುಚ್ಚಿದ ಕಣ್ಣು, ತೆರೆದ ಬಾಯಿ. ಕುತ್ತಿಗೆಯ ನರ ಎದ್ದು ನಿಂತಿತ್ತು. ಅಷ್ಟು ಮೇಲಿನ ಸ್ವರ. ಮಂಜುಳಮ್ಮ ಗೋಡೆಗೆ ಒರಗಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ವಾತ್ಯಾರ್ ಬಳಿ ಕಾಫಿಯ ಲೋಟ.

ನನಗೆ ಕೇಳಿಸಿದ್ದು ಪವರ್‌ಲೂಮ್. ಅದರಾಚೆ ಪಂಬೆ. ಅವೆರಡರ ನಡುವೆ ಏನೂ ಇರಲಿಲ್ಲ.

ನೋಡುತ್ತ ಕೂತೆ. ಯಾರಿಗೂ ನಾನು ತಿರುಗಿದ್ದು ತಿಳಿಯಲಿಲ್ಲ. ಅವಳ ಬಾಯಿ ಮುಚ್ಚಿತು, ಮತ್ತೆ ತೆರೆಯಿತು. ಮುದುಕನ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಸಂಬಳದ ಭಯಕ್ಕೆ ಯಾರೂ ಹಾಗೆ ಅಳುವುದಿಲ್ಲ.

ಕೊನೆಗೆ ಮಂಜುಳಮ್ಮ ನೋಡಿದಳು. ಹೆದರಲಿಲ್ಲ. ಹತ್ತಿರ ಬಂದು ಮಗ್ಗದ ಅಂಚಿನಲ್ಲಿ ಕೂತಳು, ಮುಖ ನನ್ನ ಕಡೆ ಮಾಡಿ ನಿಧಾನವಾಗಿ ಹೇಳಿದಳು:

"ತಿಂಗ್ಳಾಯ್ತು. ದಿನಾ. ನಿಮ್ ಬೆನ್ನಿಂದೇನೇ."

ಏಪ್ರಿಲ್ 12

ಒಂದು ತಿಂಗಳು ನನ್ನ ಮನೆಯಲ್ಲಿ ನನ್ನನ್ನೇ ಆಡಿಸಿದ್ದಾರೆ. ಬೆಳಿಗ್ಗೆಯೇ ಎಲ್ಲಪ್ಪನ ಕೋಣೆಗೆ ಹೋದೆ. ಪಂಬೆಯ ಹಗ್ಗ ಬಿಗಿಯುತ್ತ ಕೂತಿದ್ದ.

"ಆರು ಗಂಟೆಗೇ ಬಾರಿಸು ಅಂತ ಯಾರು ಹೇಳಿದ್ದು?"

"ಅಕ್ಕ." ಮುಚ್ಚಿಡಲು ನೋಡಲೂ ಇಲ್ಲ. "ಪಾಪ, ಮಗ ಸಂಗೀತ ಆಡ್ಕಂತದೆ, ನೀನು ವಸಿ ಜೋರಾಗೇ ಒಡಿ ಅಂದ್ರು. ಮುದ್ದೆ ಕೊಟ್ರು. ಒಡ್ದೆ."

"ಪೆನ್ನಾಗರಂಗೆ ಕರೆದುಕೊಂಡು ಹೋದದ್ದು?"

"ಅದೂ ಅಕ್ಕನೇ. ಆವತ್ತು ಮೃದಂಗದೋರು ಬರೋರಿದ್ರಂತೆ. ಪೂರಾ ದಿನ ಬೇಕು ಅಂದ್ರು." ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ, ಉಗುಳಿದ, ನಕ್ಕ. "ಆದ್ರೆ ಅಣ್ಣಾ, ಅಲ್ಲಿ ನೀವು ಕುಣಿದ್ರಲ್ಲ, ಅದು ಅಕ್ಕ ಏಳಿದ್ದಲ್ಲ."

ಓಡಾಡಿದೆ ಎಂದು ಬರೆದಿದ್ದೇನೆ. ಹಾಗೆಯೇ ಇರಲಿ.

ಏಪ್ರಿಲ್ 15

ಡಾಕ್ಟರು ಕಿವಿಗೆ ಯಂತ್ರ ಸಿಕ್ಕಿಸಿ, ಸದ್ದು ಕೇಳಿದಾಗ ಕೈ ಎತ್ತಿ ಅಂದ. ಸುಮಾರು ಹೊತ್ತು ಕೈ ತೊಡೆಯ ಮೇಲೇ ಇತ್ತು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದ. ಎಡಗಡೆ ನೆಟ್ಟಗಿದೆ, ಆಮೇಲೆ ಏರ್ಕಾಡು ಬೆಟ್ಟದಿಂದ ಇಳಿಯುವ ಬಸ್ಸಿನ ಹಾಗೆ ಇಳಿದುಬಿಟ್ಟಿದೆ. ಸಣ್ಣ ಸದ್ದೆಲ್ಲ ಹೋಗಿದೆ, ಬರುವುದಿಲ್ಲ, ದಪ್ಪ ಸದ್ದು ಉಳಿದಿದೆ ಅಂದ. ಜೀರುಂಡೆಯ ವಿಷಯ ಕೇಳಿದೆ. "ಅದು ಒಳಗಿನದು, ಸಾರ್," ಅಂದ. ಇಪ್ಪತ್ತೆಂಟು ವರ್ಷದ ಹುಡುಗ. ಟೈ ಕಟ್ಟಿದ್ದ.

ಏಪ್ರಿಲ್ 16

ಶಶಿಯ ಹತ್ತಿರ ಮಾತಾಡಬೇಕೆಂದು ನಡುಮನೆಗೆ ಹೋದೆ. ತಂಬೂರಿಗೆ ಒರಗಿ ಕೂತಿದ್ದಳು. ಆ ದಿನ ಅಂದ ಮಾತು ಹೇಗೆ ವಾಪಸು ತೆಗೆದುಕೊಳ್ಳುವುದು? ನೇಯ್ದದ್ದನ್ನು ಬಿಚ್ಚಿದರೆ ನೂಲು ಉಳಿಯುತ್ತದೆ, ಮಾತು ಹಾಗಲ್ಲ. ಕೊಡೆ ಎಲ್ಲಿ ಎಂದು ಕೇಳಿದೆ. ತೋರಿಸಿದಳು. ಹೊರಗೆ ಬಂದೆ.

ಏಪ್ರಿಲ್ 17

ಷೆಡ್ಡಿನ ಮೋಟಾರ್ ಬಿಸಿಯಾಗುತ್ತಿದೆ. ಸಂಜೆ ಆರರಿಂದ ಎಂಟರವರೆಗೆ ನಿಲ್ಲಿಸಲು ಮುರುಗೇಶನ್‌ಗೆ ಹೇಳಿದೆ. "ಮೋಟಾರ್ ಪಚ್ಚತ್ತಣ್ಣಿ ಮಾದಿರಿ ಇರುಕ್ಕೇ, ಮೊದಲಾಳಿ!" ಅಂದ. ತಣ್ಣೀರಿನ ಹಾಗಿದೆಯಂತೆ. ನಾನು ಬಿಸಿ ಅಂದರೆ ಬಿಸಿ.

ಏಪ್ರಿಲ್ 21

ನಿನ್ನೆ ಶ್ರೀರಾಮನವಮಿ, ಶಶಿಯ ಕಚೇರಿ ಆಯಿತು.

ಮಂಟಪದಲ್ಲಿ ಅಮ್ಮಾಪೇಟೆಯ ನಮ್ಮ ಜನವೆಲ್ಲ ಇದ್ದರು. ಅರ್ಧ ಜನ ಪಾನಕಕ್ಕೆ ಬಂದವರು, ಇನ್ನರ್ಧ ಪಾನಕ ಮುಗಿಯಿತೇ ಎಂದು ನೋಡಲು ಬಂದವರು. ಶಶಿಯ ಹಿಂದೆ ತಂಬೂರಿ ಹಿಡಿಯಲು ವಾತ್ಯಾರ್ ಇನ್ನೊಬ್ಬ ಶಿಷ್ಯೆಯನ್ನು ಕೂರಿಸಿದ್ದರು. ನಾನು ಹೋಗಿ ಅವಳ ಮುಂದೆ ನಿಂತೆ. ಏಳು ಅನ್ನಲಿಲ್ಲ. ಅವಳೇ ಎದ್ದಳು.

ಕಾಲು ಮಡಚಿ ಕೂತು ತಂಬೂರಿಯ ಬುರುಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಶಶಿ ತಿರುಗಿ ನೋಡಿದಳು. ಮುಖ ಬಿಳಿಚಿತು. ಈಗ ಅಪ್ಪ ಕಚೇರಿ ನಿಲ್ಲಿಸಿಬಿಡುತ್ತಾನೆ ಎಂದು ಹೆದರಿರಬೇಕು.

"ದಾರ ನೀನೇ ಕೂರ್ಸು," ಅಂದೆ. "ನಂಗೆ ತಿಳ್ಯಾಕಿಲ್ಲ."

ಎಷ್ಟು ಜೋರಾಗಿ ಹೇಳಿದೆನೋ, ಮಂಟಪದ ಬಾಗಿಲಿನವರೆಗೂ ತಲೆಗಳು ತಿರುಗಿದವು. ಶಶಿ ಮಂಡಿಯ ಮೇಲೆ ಹತ್ತಿರ ಸರಿದಳು. ನಾನು ಹಾಕಿದ್ದ ರೇಷ್ಮೆಯ ಎಳೆಯನ್ನು ಕಿತ್ತು ಎಸೆದಳು. ರವಿಕೆಯ ಅಂಚಿನಿಂದ ಒಂದು ನೂಲು ಎಳೆದು ಹಲ್ಲಿನಲ್ಲಿ ಕತ್ತರಿಸಿದಳು. ತಂತಿಯಡಿ ಸಿಕ್ಕಿಸಿದಳು. ನಾನು ಮೀಟುತ್ತಿದ್ದೆ, ಅವಳು ಕಿವಿಯಿಟ್ಟು ಎಳೆಯನ್ನು ಸರಿಸುತ್ತಿದ್ದಳು. ಒಂದು ಕಡೆ ಅವಳ ಬೆರಳು ನಿಂತಿತು. ಮುಖ ಎತ್ತಿ ತಲೆಯಾಡಿಸಿದಳು. ಅಷ್ಟರಲ್ಲಿ ಬುರುಡೆಯಿಂದ ತೊಡೆಗೆ, ತೊಡೆಯಿಂದ ಬೆನ್ನುಮೂಳೆಗೆ ಏನೋ ಹತ್ತಿತು. ಗುಂಡಿಯಲ್ಲಿ ಅಂಗಾಲಿಗೆ ಬರುತ್ತಿತ್ತಲ್ಲ, ಅದರ ಮನೆತನದ್ದೇ.

ಹಾಡು ಹೇಗಿತ್ತೆಂದು ಬರೆಯಲಾರೆ. ಮುಂದೆ ಕೂತವರ ಮುಖಗಳನ್ನು ನೋಡಿದೆ. ಮಂಜುಳಮ್ಮನ ಮುಖ ನೋಡಿದೆ. ಬಾಗಿಲ ಬಳಿ ಎಲ್ಲಪ್ಪ ಇದ್ದ, ಒಗೆದ ಅಂಗಿ ಹಾಕಿಕೊಂಡಿದ್ದ. ಪಾನಕದವರು ಲೋಟ ಹಿಡಿದು ಹಾಗೆಯೇ ನಿಂತಿದ್ದರು, ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಶಶಿಯ ಬೆನ್ನು ಉಸಿರಿಗೆ ಹಿಗ್ಗುವುದು, ಕುಗ್ಗುವುದು ನನ್ನ ಎದುರಿಗೇ ಇತ್ತು. ಅದಕ್ಕೆ ಸರಿಯಾಗಿ ಮೀಟುತ್ತ ಹೋದೆ.

ಮೃದಂಗದವನು ಪರವಾಗಿಲ್ಲ. ಎಲ್ಲಪ್ಪನ ಮುಂದೆ ನಿಲ್ಲಲಾರ.

ತಂಬೂರಿಯನ್ನು ಮನೆಗೆ ನಾನೇ ಹೊತ್ತು ತಂದೆ. ಇವತ್ತು ಆ ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ನಮ್ಮ ಪವರ್‌ಲೂಮಿನದೇ, ನಲವತ್ತನೇ ನಂಬರಿನ ಒರಟು ನೂಲು. ನೂಲಿನಲ್ಲಿ ಏನೂ ದೋಷವಿಲ್ಲ.